ತಾರಸಿಗೊಂದು ಕೊಡೆ

ಕೊಡಗಿನಲ್ಲಿ ಹೊಸ ಸರ್ಕಾರಿ ಕಟ್ಟಡವನ್ನು ಗುರುತು ಹಿಡಿಯುವುದು ಬಹಳ ಸುಲಭ. ಮೊದಲು ಸಪಾಟಾದ ತಾರಸಿ ಬರುತ್ತದೆ. ಅದರ ಮೇಲೊಂದು ಗುಮ್ಮಟ. ಎರಡು ಮಳೆಗಾಲ ಕಳೆಯಲಿ, ತಾರಸಿ ತುಂಬ ಕಬ್ಬಿಣದ ಪೈಪು ನಿಲ್ಲುತ್ತದೆ, ಪೈಪಿನ ಮೇಲೆ ತಗಡಿನ ಶೀಟು ಹತ್ತುತ್ತದೆ. ಗುಮ್ಮಟವನ್ನು ಮುಚ್ಚುವ ಹಾಗಿಲ್ಲ, ಅದು ಸರ್ಕಾರದ ಗೌರವ. ಹಾಗಾಗಿ ಶೀಟಿಗೆ ತೂತು ಮಾಡಿ ಅದರ ತಲೆ ಹೊರಗೆ ಬಿಡುತ್ತಾರೆ. ಆ ತೂತಿನ ಸುತ್ತಲಿಂದ ನೀರು ಒಳಗೆ ಇಳಿಯುತ್ತದೆ.

ಇದರಲ್ಲಿ ಯಾರ ತಪ್ಪೂ ಇಲ್ಲ ಬಿಡಿ. 1956ರಲ್ಲಿ ಬೆಂಗಳೂರಿನಲ್ಲಿ ಕೆಂಗಲ್ ಹನುಮಂತಯ್ಯನವರ ಕನಸಿನ ವಿಧಾನಸೌಧ ಎದ್ದು ನಿಂತಿತು. ಅದೇ ವರ್ಷ ನವೆಂಬರ್ 1ಕ್ಕೆ, ಅಲ್ಲಿಯವರೆಗೆ ಸ್ವಂತ ವಿಧಾನಸಭೆ ಇಟ್ಟುಕೊಂಡಿದ್ದ ನಮ್ಮ ಪುಟ್ಟ ಕೊಡಗು ರಾಜ್ಯ ಮೈಸೂರಿಗೆ ಸೇರಿತು. ಆಮೇಲೆ ವಿಧಾನಸೌಧ ಊರೂರಲ್ಲಿ ಮರಿ ಹಾಕಿತು. ಬಯಲುಸೀಮೆಯ ಮರಿಗಳು ಅಲ್ಲೇ ಬಿಸಿಲು ಕಾಯಿಸಿಕೊಂಡು ಬೆಳೆದವು. ಕುಶಾಲನಗರ ದಾಟಿ ಬೆಟ್ಟ ಹತ್ತಿದವಕ್ಕೆ ಮೊದಲ ಜೂನ್‌ನಲ್ಲೇ ಶೀತ.

ಬೆಂಗಳೂರಿನಲ್ಲಿ ವರ್ಷಕ್ಕೆ 40 ಇಂಚಿನ ಆಸುಪಾಸು ಮಳೆ. ಮಡಿಕೇರಿಯಲ್ಲಿ 120 ಇಂಚು ಕೂಡ ಸಾಮಾನ್ಯ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಇದು ಗುಟ್ಟಿನ ವಿಷಯ ಏನಲ್ಲ. ಇಲ್ಲಿ ಕಾಫಿ ತೋಟ ಇರುವವರ ಮನೆಯಲ್ಲಿ ಮಳೆ ಅಳೆಯುವ ಮಾಪಕ ಇರುತ್ತದೆ. ಬೆಳಿಗ್ಗೆ ಎದ್ದು ನಿನ್ನೆ ಎಷ್ಟು ಇಂಚು, ಎಷ್ಟು ಸೆಂಟು (ಇಂಚಿನ ನೂರರಲ್ಲೊಂದು ಪಾಲು) ಅಂತ ಡೈರಿಯಲ್ಲಿ ಬರೆದಿಟ್ಟೇ ಕಾಫಿ ಕುಡಿಯುವವರಿದ್ದಾರೆ. ನಕ್ಷೆ ಬರೆಯುವವರು ಅಂಥ ಒಂದು ಡೈರಿ ಕೇಳಿದ್ದರೂ ಸಾಕಿತ್ತು. ಕೇಳಲಿಲ್ಲ. ಎಸಿ ಕೋಣೆಯಲ್ಲಿ ಮಳೆ ಬೀಳುವುದಿಲ್ಲ ಅಲ್ವಾ?

ಆಷಾಢದಲ್ಲಿ ಒಮ್ಮೆ ಒಳಗೆ ಹೋಗಿ ನೋಡಿ. ಬಾಗಿಲಲ್ಲಿ ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್. ಒದ್ದೆ ಚಪ್ಪಲಿ ಇಟ್ಟರೆ ಅರ್ಜಿ ಒಂದು ಕಡೆ, ಅರ್ಜಿದಾರ ಇನ್ನೊಂದು ಕಡೆ. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೈಲ್ಸ್ ಮೇಲೆ ಗೋಣಿಚೀಲ ಹಾಸಿರುತ್ತಾರೆ. ದುಡ್ಡು ಕೊಟ್ಟದ್ದು ಟೈಲ್ಸ್‌ಗೆ, ನಡೆಯುವುದು ಗೋಣಿಯ ಮೇಲೆ. ಕೊಡೆ ಇಡಲು ಜಾಗ ಎಲ್ಲೂ ಇಲ್ಲ. ಎದುರಿಗೆ ಎರಡು ಮಾಳಿಗೆ ಎತ್ತರದ ಗಾಜು. ಅದನ್ನು ತೆರೆಯಲು ಬರುವುದಿಲ್ಲ, ಒರೆಸಲು ಕೈ ನಿಲುಕುವುದಿಲ್ಲ. ಹೊರಗೆ ಪಾಚಿ, ಒಳಗೆ ಕಡತಗಳ ಮೇಲೆ ಬೂಷ್ಟು. ಕಾರಿಡಾರಿನಲ್ಲೊಂದು ನೀಲಿ ಬಕೆಟ್ಟು.

"ಬಕೆಟ್ ಆಚೆ ತಳ್ಳಬೇಡಿ ಮಾರಾಯ್ರೇ, ಅದಕ್ಕೆ ಜಾಗ ಫಿಕ್ಸ್ ಆಗಿದೆ" ಅಂತ ಅಟೆಂಡರ್ ಗದರುತ್ತಾನೆ. ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಬಂದ ಅಜ್ಜ ಸುಮ್ನೆ ತಲೆ ಎತ್ತಿ ನೋಡುತ್ತಾರೆ. "ಪರವಾಗಿಲ್ಲ ಮಗ, ಇಲ್ಲಿ ಇದೊಂದಾದರೂ ಬೇಗ ಇಳಿಯುತ್ತೆ!"

ಆ ಅಜ್ಜನ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಹಿರಿಯರ ಮೂಲ ಮನೆಯಲ್ಲಿ, ಮಾಡು ಕಡಿದಾಗಿ ಇಳಿದಿರುತ್ತದೆ. ಸೂರು ಮುಂದಕ್ಕೆ ಚಾಚಿರುತ್ತದೆ. ಬಂದವರು ಕೈಯಾಲೆಯಲ್ಲಿ, ಅಂದರೆ ಮುಂದಿನ ಜಗಲಿಯಲ್ಲಿ, ಕೊಡೆ ಇಟ್ಟು, ಅಲ್ಲಿನ ಕಂಬಗಳ ನಡುವಿನ ಮರದ ಹಲಗೆಯಾದ ಐಮರದ ಮೇಲೆ ಕೂತು ಸುಧಾರಿಸಿಕೊಳ್ಳಬಹುದು. ಅದನ್ನು ಕಟ್ಟಿದವರಿಗೆ ಡಿಗ್ರಿ ಇರಲಿಲ್ಲ, ಮಳೆಯಲ್ಲಿ ನೆನೆದ ಅನುಭವ ಇತ್ತು. ಹಾಗಂತ ಗುಮ್ಮಟದ ಮೇಲೆ ನಮಗೆ ದ್ವೇಷ ಇಲ್ಲ. ಕೊಡಗಿನ ಅರಸ ಲಿಂಗರಾಜ 1820ರಲ್ಲಿ ಮಡಿಕೇರಿಯಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನಕ್ಕೂ ಗುಮ್ಮಟ ಇದೆ. ಕೋಟೆಯೊಳಗಿನ ಗಾರೆಯ ಎರಡು ಆನೆಗಳಂತೂ ಎಷ್ಟೋ ಮಳೆಗಾಲ ಕಂಡಿವೆ. ಬಹುಶಃ ಅವಕ್ಕೆ ಟೆಂಡರ್ ಕರೆದಿರಲಿಲ್ಲ.

ಇನ್ನು ಗುಡ್ಡದ ವಿಚಾರ. ನಮ್ಮಲ್ಲಿ ಕಟ್ಟಡಕ್ಕೆ ಜಾಗ ಬೇಕೆಂದರೆ ಗುಡ್ಡ ಕಡಿಯುತ್ತಾರೆ, ಕಡಿದ ಗುಡ್ಡ ಜಾರದ ಹಾಗೆ ಗೋಡೆ ಕಟ್ಟುತ್ತಾರೆ. 2018ರ ಆಗಸ್ಟ್‌ನಲ್ಲಿ ಬೆಟ್ಟಗಳೇ ಕುಸಿದು ಊರು ನಡುಗಿದ ಮೇಲೆ, ಮಡಿಕೇರಿಯ ಜಿಲ್ಲಾಡಳಿತ ಭವನದ ಕೆಳಗೆ ಮಂಗಳೂರು ರಸ್ತೆ ಬದಿಗೆ ಕೋಟಿಗಟ್ಟಲೆ ಖರ್ಚಿನ ತಡೆಗೋಡೆ ಎದ್ದಿತು. ಜರ್ಮನ್ ತಂತ್ರಜ್ಞಾನವಂತೆ. ಕೆಲವೇ ಮಳೆಗಾಲಗಳಲ್ಲಿ ಗೋಡೆ ಹೊಟ್ಟೆ ಮುಂದೆ ಮಾಡಿತು. ಪಾಪ, ಜರ್ಮನ್ನರಿಗೆ ನಮ್ಮ ಜಡಿಮಳೆಯ ಕಕ್ಕಡ ತಿಂಗಳು ಯಾರು ಹೇಳಿಕೊಟ್ಟಿದ್ದರು? ಕೊನೆಗೆ ಕಾವಲಿಗೆ ಬಂದದ್ದು ಮರಳಿನ ಚೀಲ. ಅದು ಯಾವ ದೇಶದ ತಂತ್ರಜ್ಞಾನ ಅಂತ ಯಾರೂ ಕೇಳಲಿಲ್ಲ.

ನನ್ನದೊಂದು ಸಲಹೆ ಇದೆ. ಮುಂದಿನ ಕಟ್ಟಡದ ಅಂದಾಜು ಪಟ್ಟಿಯಲ್ಲೇ ಶೀಟು, ಪೈಪು, ಗೋಣಿಚೀಲ, ಮರಳಿನ ಚೀಲ, ನೀಲಿ ಬಕೆಟ್ಟು ಎಲ್ಲ ಸೇರಿಸಿಬಿಡಿ. ಆಮೇಲೆ ಹೆಚ್ಚುವರಿ ಅನುದಾನಕ್ಕೆ ಓಡಾಡುವುದು ತಪ್ಪುತ್ತದೆ. ಗುಮ್ಮಟವನ್ನು ಬೇಕಾದರೆ ಫೈಬರ್‌ನಲ್ಲಿ ಮಾಡಿಸಿ ಶೀಟಿನ ಮೇಲೇ ಕೂರಿಸಿ. ಉದ್ಘಾಟನೆ ಮಾತ್ರ ಜುಲೈನಲ್ಲಿ ಇಟ್ಟುಕೊಳ್ಳಿ. ಸಚಿವರನ್ನು ಆ ನೀಲಿ ಬಕೆಟ್ಟಿನ ಪಕ್ಕದ ಕುರ್ಚಿಯಲ್ಲಿ ಕೂರಿಸುವ ಜವಾಬ್ದಾರಿ ನಮಗೆ ಬಿಡಿ.