ಸ್ಪಷ್ಟನೆ: ಗ್ರಾಫಿಕ್ಸ್ ತಗ್ಗಿಸಿದರೆ ಪಿಂಗ್ ಇಳಿಯುವುದಿಲ್ಲ
ಶೆಲ್ ಶಾಕರ್ಸ್‌ನಂಥ ಬ್ರೌಸರ್ ಶೂಟಿಂಗ್ ಆಟಗಳ ಬಗ್ಗೆ "ಲ್ಯಾಗ್ ಆಗ್ತಿದ್ರೆ ಗ್ರಾಫಿಕ್ಸ್ ಲೋ ಮಾಡಿ, ಪಿಂಗ್ ತಾನಾಗೇ ಇಳಿಯುತ್ತೆ" ಎಂಬ ಸಲಹೆ ಹರಿದಾಡುತ್ತಿದೆ. ಇದು ಎರಡು ಬೇರೆ ಕಾಯಿಲೆಗೆ ಒಂದೇ ಮಾತ್ರೆ ಕೊಟ್ಟಂತೆ.

ಪಿಂಗ್ ಅಂದರೆ ಸಂದೇಶ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯ. ಗೋಡೆ ಮರೆಗೆ ಸರಿದ ಮೇಲೂ ಗುಂಡು ತಗುಲಿ ಸತ್ತಿರಾ? ಬಹುಪಾಲು ಅದು ಪಿಂಗ್ ಕಾಟ. ಹತ್ತಿರದ ಸರ್ವರ್ ಆರಿಸಿ, ಹಿನ್ನೆಲೆಯ ಡೌನ್‌ಲೋಡ್ ನಿಲ್ಲಿಸಿ, ಸಾಧ್ಯವಾದರೆ ವೈಫೈ ಬಿಟ್ಟು ಕೇಬಲ್ ಹಾಕಿ.

ಮೌಸ್ ತಿರುಗಿಸಿದಾಗ ಇಡೀ ಚಿತ್ರವೇ ತಡವರಿಸಿದರೆ ಅದು ಫ್ರೇಮ್ ಸಮಸ್ಯೆ. ಫ್ರೇಮ್ ಅಂದರೆ ಪರದೆಯ ಮೇಲೆ ಒಂದರ ಹಿಂದೊಂದು ಮೂಡುವ ಬಿಡಿ ಚಿತ್ರ. ಸೆಕೆಂಡಿಗೆ 60 ಫ್ರೇಮ್ ಬರಬೇಕಾದರೆ ಒಂದೊಂದೂ ಸುಮಾರು 16.7 ಮಿಲಿಸೆಕೆಂಡಿನಲ್ಲಿ ಸಿದ್ಧವಾಗಬೇಕು. ಇಲ್ಲಿ ಗ್ರಾಫಿಕ್ಸ್ ತಗ್ಗಿಸುವುದು ಸರಿಯೇ. ಆದರೆ ಮೊದಲು ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ವಿಭಾಗ ತೆರೆದು ಗ್ರಾಫಿಕ್ಸ್ ಆ್ಯಕ್ಸಲರೇಶನ್ (ಚಿತ್ರ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವ ಆಯ್ಕೆ) ಆನ್ ಇದೆಯೇ ನೋಡಿ. ಬದಲಿಸಿದರೆ ಬ್ರೌಸರ್ ಮತ್ತೆ ತೆರೆಯಬೇಕು. ಅದು ಆಫ್ ಇದ್ದರೆ ಚಿತ್ರ ಬಿಡಿಸುವ ಕೆಲಸವೆಲ್ಲ ಪ್ರೊಸೆಸರ್ ತಲೆಗೆ ಬೀಳುತ್ತದೆ.

ತಪ್ಪು ನಂಬಿಕೆಗೂ ಒಂದು ಕಾರಣವಿದೆ. ಯಂತ್ರ ತೀರಾ ಬಳಲಿದ್ದಾಗ ಬಂದ ಸಂದೇಶವನ್ನು ಬ್ರೌಸರ್ ತಡವಾಗಿ ಓದುತ್ತದೆ, ಆಗ ಪರದೆಯ ಮೇಲಿನ ಪಿಂಗ್ ಸಂಖ್ಯೆಯೂ ಏರಿದಂತೆ ಕಾಣಬಹುದು. ನೆಟ್‌ವರ್ಕ್ ಮಾತ್ರ ಇದ್ದಂತೆಯೇ ಇರುತ್ತದೆ.