ಮಿಸ್, ಮೊನೆ ಮುರೀತು!

ಹೊಸ ಪೆನ್ಸಿಲ್ಲಿನ ಉದ್ದ ಸುಮಾರು 18 ಸೆಂ.ಮೀ. ಸೋಮವಾರ ಬೆಳಿಗ್ಗೆ ಠೀವಿಯಿಂದ ಬ್ಯಾಗು ಸೇರಿದ್ದು ಶುಕ್ರವಾರ ಸಂಜೆ ಕಿರುಬೆರಳಿನಷ್ಟಾಗಿ ಮನೆಗೆ ಬರುತ್ತದೆ. ಹಾಗಾದರೆ ವಾರವಿಡೀ ಬರೆದದ್ದಾದರೂ ಏನು ಅಂತ ನೋಟ್‌ಬುಕ್ ತೆಗೆದರೆ ಒಂದೂವರೆ ಪುಟ ಕಾಪಿ, ಅರ್ಧಕ್ಕೇ ನಿಂತ ಏಳರ ಮಗ್ಗಿ, ಕೊನೆಯ ಪುಟದಲ್ಲೊಂದು ರಾಕೆಟ್. ಇಷ್ಟಕ್ಕೆ 12 ಸೆಂ.ಮೀ. ಮರ ಕರಗಿತೇ? ‘ಎಲ್ಲೋ ಹೋಯ್ತು ಪೆನ್ಸಿಲ್ಲು?’ ‘ಮೊನೆ ಮುರೀತು.’ ‘ಯಾರು ಮುರಿದಿದ್ದು?’ ‘ಯಾರೂ ಇಲ್ಲ, ಅದೇ ಮುರೀತು.’

ಮೈ ಉರಿಯುತ್ತದೆ, ನಿಜ. ಆದರೆ ಮಗು ಹೇಳುವುದರಲ್ಲಿ ಮುಕ್ಕಾಲು ಪಾಲು ಸತ್ಯವೇ. ಪೆನ್ಸಿಲ್ಲಿನೊಳಗೆ ಇರುವುದು ಸೀಸವಲ್ಲ. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ, ಕಡ್ಡಿ ಮಾಡಿ, ಸುಮಾರು 1000 ಡಿಗ್ರಿ ಬಿಸಿಯಲ್ಲಿ ಸುಟ್ಟದ್ದು. 1795ರಲ್ಲಿ ಫ್ರಾನ್ಸಿನ ಕೊಂಟೆ ಎಂಬಾತ ಪೇಟೆಂಟ್ ಪಡೆದ ಕ್ರಮವೇ ಇವತ್ತಿನ ಪೆನ್ಸಿಲ್ಲಿಗೂ ಬುನಾದಿ. ಅಂದರೆ ಮರದ ಹೊಟ್ಟೆಯೊಳಗೆ 2 ಮಿ.ಮೀ. ದಪ್ಪದ ಮಡಕೆಯೊಂದು ಕೂತಿದೆ ಅಂದುಕೊಳ್ಳಿ. ಡೆಸ್ಕಿನಿಂದ ಒಮ್ಮೆ ನೆಲಕ್ಕೆ ಬಿದ್ದರೆ ಹೊರಗೆ ಒಂದು ಗೀರೂ ಇಲ್ಲ, ಒಳಗೆ ನಾಲ್ಕು ಕಡೆ ಬಿರುಕು. ಆಮೇಲೆ ಹೆರೆದಷ್ಟೂ ಮೊನೆ ಸರಕ್ಕನೆ ಜಾರಿ ಬೀಳುತ್ತದೆ. ಮತ್ತೆ ಹೆರೆ, ಮತ್ತೆ ಬೀಳು. ಗಣಿತದ ಪೀರಿಯಡ್ಡಿನಲ್ಲಿ ಬಿದ್ದದ್ದಕ್ಕೆ ದಂಡ ಕಟ್ಟುವುದು ಉಕ್ತಲೇಖನದ ಪೀರಿಯಡ್ಡಿನಲ್ಲಿ. ಹಾಗಾಗಿ ಯಾರಿಗೂ ಕಾರಣ ಹೊಳೆಯುವುದಿಲ್ಲ. ದುಂಡನೆಯ ಪೆನ್ಸಿಲ್ಲು ಉರುಳುತ್ತದೆ ಅಂತಲೇ ಆರು ಮೂಲೆಯದ್ದು ಕೊಡಿಸಿದರೆ, ಅದನ್ನು ಡೆಸ್ಕಿನ ಇಳಿಜಾರಿನಲ್ಲಿ ಟಕಟಕ ಸದ್ದು ಮಾಡಿಕೊಂಡು ಉರುಳಿಸುವ ಆಟವನ್ನು ಆ ಮಕ್ಕಳೇ ಕಂಡುಹಿಡಿಯುತ್ತಾರೆ.

ಮಿಕ್ಕ ಕಾಲು ಪಾಲು ತಪ್ಪು ಮೆಂಡರಿನದು. ಬ್ಲೇಡು ಮೊಂಡಾದರೆ ಮರವನ್ನು ಹೆರೆಯುವ ಬದಲು ಹರಿಯುತ್ತದೆ, ಕಡ್ಡಿಯನ್ನು ತಿರುಚುತ್ತದೆ. ಸ್ಕ್ರೂ ಸಡಿಲಾದರೆ ಬ್ಲೇಡು ಅದುರಿ ಮೊನೆ ತಿನ್ನುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಮುರಿದ ಮೊನೆಯ ಚೂರು ಬ್ಲೇಡಿನ ಕೆಳಗೆ ಸಿಕ್ಕಿಕೊಳ್ಳುವುದು. ಅದು ಅಲ್ಲಿರುವ ತನಕ ಒಳಗೆ ಹೋದ ಪ್ರತಿ ಮೊನೆಗೂ ಗತಿ ಅದೇ. ದೊಡ್ಡವರು ಯಾರಾದರೂ ಪಿನ್ನಿನಲ್ಲಿ ಮೀಟಿ ತೆಗೆದರೆ ಅರ್ಧ ನಿಮಿಷದ ಕೆಲಸ. ಮಕ್ಕಳ ವಿಧಾನ ಬೇರೆ: ಮೆಂಡರನ್ನು ಡೆಸ್ಕಿಗೆ ಕುಟ್ಟುವುದು, ಅದೂ ಆಗದಿದ್ದರೆ ಬಾಯಿಗಿಟ್ಟು ಊದುವುದು. ಕರಿಪುಡಿ ಪಕ್ಕದವನ ಬಿಳಿ ಅಂಗಿಗೆ. ಬರೆಯಲು ಸುಲಭ ಅಂತ ಎಳೆಯ ಕೈಗಳಿಗೆ ದಪ್ಪ ಪೆನ್ಸಿಲ್ಲು ಕೊಡಿಸುವವರಿಗೆ ಒಂದು ಕಿವಿಮಾತು: ಅದು ಮಾಮೂಲಿ ಮೆಂಡರಿನ ತೂತಿಗೆ ಹೋಗುವುದಿಲ್ಲ. ಹೋಗುವುದಿಲ್ಲ ಎಂಬ ಕಾರಣಕ್ಕೆ ಮಕ್ಕಳು ತುರುಕುವುದನ್ನೇನೂ ಬಿಡುವುದಿಲ್ಲ.

ಸರಿಯಾಗಿ ಹೆರೆಯುವುದು ಹೀಗೆ: ಮೆಂಡರನ್ನು ಅಲುಗಿಸದೆ ಹಿಡಿದು, ಪೆನ್ಸಿಲ್ಲನ್ನು ಮೆಲ್ಲಗೆ ಒತ್ತಿ ತಿರುಗಿಸಿದರೆ ನಾಲ್ಕೈದು ಸುತ್ತು ಸಾಕು. ಸೂಜಿಯಂತಾಗುವ ಮುಂಚೆಯೇ ನಿಲ್ಲಿಸಬೇಕು. ಆದರೆ ಸೂಜಿಯಾಗದಿದ್ದರೆ ಮಜಾ ಏನು? ಬೆರಳಿಗೆ ಚುಚ್ಚಿ ‘ಹಾ!’ ಅನ್ನಿಸಿಕೊಳ್ಳುವ ತನಕ ಹೆರೆದು, ಮೊದಲ ಅಕ್ಷರದ ಮೊದಲ ಗೆರೆಗೇ ಟಿಕ್ ಅನ್ನಿಸಿ, ಕೈ ಎತ್ತುತ್ತಾರೆ. ‘ಮಿಸ್, ಮೊನೆ ಮುರೀತು!’

ಈ ಕೈ ಎತ್ತುವ ಗಿರಾಕಿ ಪ್ರತಿ ತರಗತಿಯಲ್ಲೂ ಒಬ್ಬ ಇದ್ದೇ ಇರುತ್ತಾನೆ. ಇವನ ಬಾಕ್ಸಿನಲ್ಲಿ ಹೆರೆದ ಪೆನ್ಸಿಲ್ಲು ಇನ್ನೂ ಮೂರಿದ್ದರೂ ಮುರಿದದ್ದೇ ಬೇಕು. ಹೆರೆಯುವುದಕ್ಕೆ ಜಾಗ ಕಸದ ಬುಟ್ಟಿ ಮಾತ್ರ. ಅದು ಬಾಗಿಲ ಹತ್ತಿರ. ಇವನು ಕೂರುವುದು ಕಿಟಕಿಯ ಕಡೆಯ ಕೊನೇ ಡೆಸ್ಕು. ನೇರ ಹೋದರೆ ಹತ್ತು ಹೆಜ್ಜೆ, ಆದರೆ ಇವನು ಇಡೀ ಕ್ಲಾಸು ಸುತ್ತುತ್ತಾನೆ. ದಾರಿಯಲ್ಲಿ ಒಬ್ಬಳ ಸ್ಟಿಕರ್ ನೋಡಬೇಕು, ಒಬ್ಬನ ಬೆನ್ನಿಗೆ ತಟ್ಟಿ ಬೇರೆ ಕಡೆ ತಿರುಗಬೇಕು, ಇನ್ನೊಬ್ಬನ ನೋಟ್‌ಬುಕ್ಕಿಗೆ ಇಣುಕಿ ‘ಅದು ತಪ್ಪು’ ಅನ್ನಬೇಕು. ಬುಟ್ಟಿ ಮುಟ್ಟುವಷ್ಟರಲ್ಲಿ, ಏನಾಶ್ಚರ್ಯ, ಇವನ ಜೀವದ ಗೆಳೆಯನ ಮೊನೆಯೂ ಮುರಿದಿರುತ್ತದೆ. ಅಲ್ಲಿಂದ ಸಭೆ ಶುರು. ಎರಡು ತಲೆ ಬುಟ್ಟಿಯ ಮೇಲೆ ಬಾಗಿ, ನಡುವೆ ಮೆಂಡರು ಕರ್ ಕರ್. ಮರದ ಸಿಪ್ಪೆ ತುಂಡಾಗದೆ ಹೂವಿನ ಹಾಗೆ ಸುರುಳಿ ಬಂದರೆ ಗೆದ್ದ ಹಾಗೆ. ತುಂಡಾದರೆ ಆಟ ಮೊದಲಿನಿಂದ. 12 ಸೆಂ.ಮೀ. ಮರ ಎಲ್ಲಿಗೆ ಹೋಯಿತು ಅಂತ ಕೇಳಿದಿರಲ್ಲ, ಇಲ್ಲಿಗೆ. ‘ಏನ್ರೋ ಅದು?’ ಅಂದರೆ ಇಬ್ಬರೂ ಒಟ್ಟಿಗೆ ತಿರುಗಿ ‘ಆಗ್ತಾ ಇದೆ ಮಿಸ್’ ಅನ್ನುತ್ತಾರೆ. ಅಷ್ಟರಲ್ಲಿ ಉಕ್ತಲೇಖನ ಎಂಟನೇ ಪದಕ್ಕೆ ಬಂದಿರುತ್ತದೆ. ವಾಪಸು ಬಂದು ಕೂತು, ಪೆನ್ಸಿಲ್ಲು ಸರಿಯಾಗಿ ಹಿಡಿದು, ಬಹಳ ವಿನಯದಿಂದ, ‘ಮಿಸ್, ಮೊದಲನೇದು ಏನು?’

ಮೇಲಿನ ತರಗತಿಗೆ ಹೋಗಿ ಪೆನ್ನು ಕೈಗೆ ಬಂತೆಂದರೆ ಈ ಯಾತ್ರೆ ನಿಲ್ಲುತ್ತದೆ. ಮಾತಾಡಬೇಕೆಂದರೆ ಬೆಲ್ ಹೊಡೆಯುವ ತನಕ ಕಾಯಬೇಕು. ಬುಟ್ಟಿಯ ಹತ್ತಿರ ಆಮೇಲೆ ಯಾರೂ ಸೇರುವುದಿಲ್ಲ, ಅಷ್ಟು ದೊಡ್ಡವರಾಗಿಬಿಟ್ಟಿರುತ್ತಾರೆ.

ರಬ್ಬರಿನ ಕತೆ ಇನ್ನೊಂದು. ಗ್ರಾಫೈಟ್ ಕಾಗದದೊಳಕ್ಕೆ ಇಂಗುವುದಿಲ್ಲ, ಎಳೆಗಳ ಮೇಲೆ ಅಂಟಿರುತ್ತದೆ; ರಬ್ಬರು ಅದನ್ನು ತನಗೆ ಅಂಟಿಸಿಕೊಂಡು ಪುಡಿಯಾಗಿ ಉದುರುತ್ತದೆ. ಕೊಳೆಯಾದ ರಬ್ಬರನ್ನು ಮೊದಲು ರದ್ದಿ ಕಾಗದಕ್ಕೆ ಉಜ್ಜಿದರೆ ಬೆಳ್ಳಗಾಗುತ್ತದೆ. ಅದನ್ನು ಬಿಟ್ಟು ಎಂಜಲು ಹಚ್ಚಿದರೆ ಕಾಗದದ ಎಳೆ ಮೆತ್ತಗಾಗಿ ತಪ್ಪಿನ ಜೊತೆ ಪುಟವೂ ಹೋಗುತ್ತದೆ. 1770ರ ಸುಮಾರಿಗೆ ಇಂಗ್ಲೆಂಡಿನಲ್ಲಿ ರಬ್ಬರು ಮಾರಾಟಕ್ಕೆ ಬರುವ ಮುಂಚೆ ಅಳಿಸುವುದಕ್ಕೆ ಬ್ರೆಡ್ಡಿನ ಚೂರು ಬಳಸುತ್ತಿದ್ದರಂತೆ. ನಮ್ಮ ಗಿರಾಕಿಗಳ ಕೈಗೆ ಅದನ್ನು ಕೊಟ್ಟಿದ್ದರೆ ಮೊದಲ ಪೀರಿಯಡ್ಡಿಗೇ ಖಾಲಿ. ಪೆನ್ಸಿಲ್ಲಿನ ಹಿಂದೆ ರಬ್ಬರು ಕೂರಿಸಿ 1858ರಲ್ಲಿ ಅಮೆರಿಕದ ಹೈಮನ್ ಲಿಪ್‌ಮನ್ ಪೇಟೆಂಟ್ ಪಡೆದ. ಎರಡು ಹಳೆಯ ವಸ್ತು ಜೋಡಿಸಿದ್ದು ಆವಿಷ್ಕಾರವಲ್ಲ ಅಂತ 1875ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ನಿಜವಾದ ಆವಿಷ್ಕಾರ ಮಕ್ಕಳದು: ರಬ್ಬರು ಸವೆದಾಗ ತಗಡನ್ನು ಹಲ್ಲಿನಿಂದ ಚಪ್ಪಟೆ ಮಾಡಿದರೆ ಒಳಗಿನದು ಇನ್ನೊಂದಿಷ್ಟು ಮೇಲೆ ಬರುತ್ತದೆ.

ರಬ್ಬರು ಇಲ್ಲದವನಿಗೆ ಸ್ಕೇಲಿನಲ್ಲಿ ಕೊಯ್ದು ಅರ್ಧ ಕೊಡುವುದುಂಟು. ಸಮನಾಗಿ ಅದು ಎಂದೂ ತುಂಡಾಗದು. ದೊಡ್ಡ ತುಂಡು ಯಾರಿಗೆ ಎಂಬುದರ ಮೇಲೆ ಮಧ್ಯಾಹ್ನದೊಳಗೆ ಟೂ ಬಿಡಬಹುದು, ಆಟದ ಹೊತ್ತಿಗೆ ಮತ್ತೆ ಸೇರಬಹುದು.

ಕಳೆಯದಿರಲಿ ಎಂದು ಹೆಸರು ಬರೆಯುವವರಿದ್ದಾರೆ. ಕ್ರಮ ಇಷ್ಟೇ: ಹೆರೆಯದ ತುದಿಯಲ್ಲಿ ಒಂದು ಮುಖದ ಬಣ್ಣ ಕೆರೆದು, ಬರಿಮರದ ಮೇಲೆ ಪೆನ್ನಿನಲ್ಲಿ ಬರೆದು, ಮೇಲೆ ಪಾರದರ್ಶಕ ಟೇಪು ಸುತ್ತುವುದು. ಮಗು ಎರಡನೇ ದಿನ ಆ ತುದಿಯನ್ನೂ ಹೆರೆದಿರುತ್ತದೆ, ಎರಡೂ ಕಡೆ ಮೊನೆಯಿದ್ದರೆ ಬುಟ್ಟಿಗೆ ಹೋಗುವುದು ಕಡಿಮೆಯಾಗುತ್ತದೆಂಬ ಸಬೂಬಿನೊಂದಿಗೆ. ಹೆಸರು ಉಳಿದರೂ ಉಪಯೋಗವಿಲ್ಲ. ಬಾಕ್ಸು ತೆರೆದರೆ ಒಳಗಿರುವ ಪೆನ್ಸಿಲ್ಲುಗಳ ಮೇಲೆಲ್ಲ ಬೇರೆ ಬೇರೆ ಮಕ್ಕಳ ಹೆಸರು, ಬೇರೆ ಬೇರೆ ಅಮ್ಮಂದಿರ ಅಕ್ಷರ. ‘ಇದ್ಯಾಕೋ ನಿನ್ನ ಹತ್ರ?’ ‘ಅವನು ಕೊಟ್ಟಿದ್ದು.’ ‘ನಿಂದೆಲ್ಲಿ?’ ‘ಅವನಿಗೆ ಕೊಟ್ಟೆ.’ ‘ಯಾಕೆ?’ ‘ಎರಡೂ ಮೊನೆ ಮುರಿದಿತ್ತು, ಅದಕ್ಕೇ ಬದಲಾಯಿಸಿಕೊಂಡ್ವಿ.’