ಲೋಗೋಗೆ ಒಂದು ದರ, ಕೊಸರಿಗೆ ಕೊನೆಯಿಲ್ಲ

ಗ್ರಾಫಿಕ್ ಡಿಸೈನಿನ ದರ ನಿಗದಿ ಮಾಡುವ ಅಧಿಕಾರ, ಡಿಸೈನ್ ಮಾಡುವವರೊಬ್ಬರನ್ನು ಬಿಟ್ಟು ಮಿಕ್ಕೆಲ್ಲರಿಗೂ ಇದೆ. ಕ್ಲೈಂಟಿನ ಅಕ್ಕನ ಮಗನಿಗಿದೆ. ಅವನ ಲ್ಯಾಪ್‌ಟಾಪಿನಲ್ಲಿ ಫೋಟೋಶಾಪ್ ಇದೆ, ಅದಕ್ಕಿಂತ ಹೆಚ್ಚಿನ ಅರ್ಹತೆ ಯಾಕೆ? ಪ್ರಿಂಟಿಂಗ್ ಪ್ರೆಸ್ಸಿನವರಿಗಿದೆ, ಸಾವಿರ ಕಾರ್ಡು ಹೊಡೆಸಿದರೆ ಡಿಸೈನ್ ಫ್ರೀ ಎಂದು ಅವರು ಬೋರ್ಡೇ ಹಾಕಿದ್ದಾರೆ. ರೆಡಿಮೇಡ್ ಟೆಂಪ್ಲೇಟು ಹಂಚುವ ವೆಬ್‌ಸೈಟುಗಳಿಗಿದೆ. ಈ ಮೂರೂ ಕಡೆಯ ದರ ಕೂಡಿಸಿ ಮೂರರಿಂದ ಭಾಗಿಸಿದರೆ ಬರುವ ಮೊತ್ತಕ್ಕೆ ಮಾರ್ಕೆಟ್ ರೇಟು ಎಂದು ಹೆಸರು. ಅದು ಯಾವಾಗಲೂ ಸೊನ್ನೆಯ ಆಸುಪಾಸಿನಲ್ಲೇ ಓಡಾಡುವುದು ಬರೀ ಕಾಕತಾಳೀಯ.

ಕ್ಲೈಂಟಿನ ಲೆಕ್ಕಕ್ಕೆ ಮೂಲಮಾನ ನಿಮಿಷ. ಎರಡು ಅಕ್ಷರ, ಒಂದು ಗೆರೆ, ಒಂದೇ ಬಣ್ಣ. 'ಇದಕ್ಕೇನು ಸಾರ್, ಐದು ನಿಮಿಷದ ಕೆಲಸ!' ಗೆರೆ ಕಡಿಮೆಯಾದಷ್ಟೂ ದರ ಇಳಿಯಬೇಕು. ಈ ಸಿದ್ಧಾಂತವನ್ನು ಕೊನೆಮುಟ್ಟಿಸಿದರೆ ಖಾಲಿ ಹಾಳೆಗೆ ಡಿಸೈನರೇ ಕೈಯಿಂದ ದುಡ್ಡು ಕೊಡಬೇಕಾಗುತ್ತದೆ. ಈ ಪಂಥಕ್ಕೊಂದು ಪುರಾಣವೂ ಉಂಟು. 1971ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಓದುತ್ತಿದ್ದ ಕ್ಯಾರೊಲಿನ್ ಡೇವಿಡ್ಸನ್, ಗಂಟೆಗೆ 2 ಡಾಲರ್ ಲೆಕ್ಕದಲ್ಲಿ ನೈಕಿಯ ಲೋಗೋ ಬರೆದು 35 ಡಾಲರ್ ಬಿಲ್ ಕೊಟ್ಟರು. 'ನೈಕಿಯೇ 35 ಡಾಲರಿಗೆ ಮಾಡಿಸಿದೆ, ನಿಮ್ಮದೇನ್ರೀ ಇಷ್ಟೊಂದು?' ಎಂದು ಕೇಳುವವರು ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. 1983ರಲ್ಲಿ ಕಂಪನಿ ಆಕೆಯನ್ನು ಕರೆದು ಚಿನ್ನದ ಉಂಗುರದ ಜೊತೆಗೆ ಷೇರುಗಳನ್ನೂ ಕೊಟ್ಟ ಉತ್ತರಕಾಂಡ ಯಾರ ಬಾಯಲ್ಲೂ ಬರುವುದಿಲ್ಲ.

ಡಿಸೈನರ್‌ಗಳ ಬಳಿ ಇನ್ನೊಂದು ಪುರಾಣವಿದೆ. 1986ರಲ್ಲಿ ಸ್ಟೀವ್ ಜಾಬ್ಸ್ ತಮ್ಮ ನೆಕ್ಸ್ಟ್ ಎಂಬ ಕಂಪ್ಯೂಟರ್ ಕಂಪನಿಗೆ ಲೋಗೋ ಕೇಳಿದಾಗ ಹೆಸರಾಂತ ಡಿಸೈನರ್ ಪಾಲ್ ರ‍್ಯಾಂಡ್ ಹೇಳಿದ ದರ 1,00,000 ಡಾಲರ್. ಆರಿಸಿಕೊಳ್ಳಲು ನಾಲ್ಕಾರು ನಮೂನೆ ಕೊಡುವುದಿಲ್ಲ, ಒಂದೇ ಕೊಡುತ್ತೇನೆ, ಬಳಸುವುದು ಬಿಡುವುದು ನಿಮಗೆ ಬಿಟ್ಟಿದ್ದು, ದುಡ್ಡು ಮಾತ್ರ ಕೊಡಿ ಎಂಬುದು ಷರತ್ತು. ಇದನ್ನು ಓದಿ ಪುಳಕಗೊಂಡ ಫ್ರೀಲಾನ್ಸರ್‌ಗಳು ಮರುದಿನವೇ ಕೊಟೇಶನ್ನಿನಲ್ಲಿ 'ಆರು ನಮೂನೆ, ಅನಿಯಮಿತ ತಿದ್ದುಪಡಿ' ಎಂದು ಬರೆದು ಕಳಿಸುತ್ತಾರೆ.

ಅವರ ದರ ನಿಗದಿಯ ಪದ್ಧತಿ ಬಹಳ ಸೂಕ್ಷ್ಮ. ಮೊದಲು ಮನಸ್ಸಿನಲ್ಲೊಂದು ಸಂಖ್ಯೆ ಹುಟ್ಟುತ್ತದೆ. ಅದನ್ನು ಕೇಳಿದರೆ ಕ್ಲೈಂಟಿನ ಮುಖ ಹೇಗಾದೀತೆಂದು ಊಹಿಸಿಕೊಂಡು ಕಾಲುಭಾಗ ಕಳೆಯಬೇಕು. ಹಿಂದೆ ಕೊಟೇಶನ್ ನೋಡಿದ ಮೇಲೆ ಸುಳಿವೇ ಇಲ್ಲದೆ ಹೋದವರನ್ನು ನೆನೆದು ಇನ್ನಷ್ಟು ಕಳೆಯಬೇಕು. ಉಳಿದದ್ದನ್ನು ಮೇಲ್‌ನಲ್ಲಿ ಬರೆದು, ಕೆಳಗೆ 'ನೆಗೋಷಿಯಬಲ್' ಎಂದು ಸೇರಿಸಿದರೆ ಆಯಿತು. ಎದುರಿನವರು ಬಾಯಿ ಬಿಡುವ ಮೊದಲೇ ಅವರ ಪರವಾಗಿ ಚೌಕಾಸಿ ಮಾಡಿಕೊಡುವ ಈ ಸೇವೆಗಾದರೂ ಪ್ರತ್ಯೇಕ ಚಾರ್ಜು ಹಾಕಬಹುದಿತ್ತು.

ಕೂಡುವುದು ಕಳೆಯುವುದು ಬಲ್ಲ ಯಾರಾದರೂ ಮಾಡಬಹುದಾದ ಒಂದು ಲೆಕ್ಕ ಇದೆ. ಉತ್ತರ ನೋಡಿದರೆ ಎದೆ ಝಲ್ಲೆನ್ನುತ್ತದೆಂದು ಯಾರೂ ಅದರ ತಂಟೆಗೆ ಹೋಗುವುದಿಲ್ಲ. ನೌಕರಿ ಬಿಟ್ಟು ಫ್ರೀಲಾನ್ಸಿಗೆ ಇಳಿದವರು ಹಳೆಯ ವಾರ್ಷಿಕ ಸಂಬಳವನ್ನು 2,080ರಿಂದ ಭಾಗಿಸುತ್ತಾರೆ: 52 ವಾರ, ವಾರಕ್ಕೆ 40 ಗಂಟೆ. ಬಂದದ್ದೇ ಗಂಟೆಯ ದರ. ಈ ಲೆಕ್ಕದ ಪ್ರಕಾರ ಡಿಸೈನರಿಗೆ ಜ್ವರ ಬರುವುದಿಲ್ಲ, ರಜೆ ಬೇಕಿಲ್ಲ, ಕಂಪ್ಯೂಟರ್ ಆಕಾಶದಿಂದ ಉದುರುತ್ತದೆ. ಸರಿಯಾಗಿ ಎಣಿಸಿದರೆ 365ರಲ್ಲಿ ವಾರಾಂತ್ಯದ 104 ಹೋಗಿ 261. ರಜೆ, ಕಾಯಿಲೆಗೆ 31 ಹೋದರೆ 230. ದಿನಕ್ಕೆ 8 ಗಂಟೆಯಂತೆ 1,840. ಇದರಲ್ಲೂ ಕೊಟೇಶನ್ ಬರೆಯುವುದು, ಕರೆಗಳಿಗೆ ಉತ್ತರ ಕೊಡುವುದು, ಲೆಕ್ಕಪತ್ರ, ಬಾಕಿ ವಸೂಲಿ, ಸಾಫ್ಟ್‌ವೇರ್ ಅಪ್‌ಡೇಟ್ ಆಗುವುದನ್ನು ನೋಡುತ್ತ ಕೂರುವುದು ಎಲ್ಲ ಸೇರಿ ನೂರಕ್ಕೆ 40 ಹೋಯಿತೆನ್ನಿ. ಬಿಲ್ ಮಾಡಲು ಸಿಗುವುದು ಸುಮಾರು 1,100 ಗಂಟೆ. ಇನ್ನು ಹಳೆ ಸಂಬಳ 100 ಪಾಲು ಎಂದಿಟ್ಟುಕೊಂಡರೆ, ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಿಸುವ ಕಂಪ್ಯೂಟರಿನ ಸವಕಳಿ, ಸಾಫ್ಟ್‌ವೇರ್ ಚಂದಾ, ಫಾಂಟು, ಬ್ಯಾಕಪ್, ವಿಮೆ, ಕೆಲಸವಿಲ್ಲದ ತಿಂಗಳಿಗೆ ಎತ್ತಿಡುವುದು ಸೇರಿ ಮೇಲೊಂದು 50 ಪಾಲು ಬೇಕು. 150ನ್ನು 1,100ರಿಂದ ಭಾಗಿಸಿ, 100ನ್ನು 2,080ರಿಂದ ಭಾಗಿಸಿದ್ದರ ಪಕ್ಕದಲ್ಲಿಟ್ಟು ನೋಡಿ. ಎರಡೂ ಮುಕ್ಕಾಲು ಪಟ್ಟಿಗಿಂತ ಹೆಚ್ಚು! ಅಂದರೆ ಹಳೆಯ ದರದಲ್ಲಿ ದುಡಿಯುವವರು ಪ್ರತಿ ಮೂರು ಗಂಟೆಯಲ್ಲಿ ಹತ್ತಿರ ಹತ್ತಿರ ಎರಡು ಗಂಟೆಯನ್ನು ದಾನ ಮಾಡುತ್ತಿದ್ದಾರೆ. ರಸೀದಿ ಇಲ್ಲದ ದಾನ.

ಹಾಗೆಂದು ಗಂಟೆಯ ದರವನ್ನೇ ಕ್ಲೈಂಟಿನ ಮುಂದಿಟ್ಟರೆ ಇನ್ನೊಂದು ಸೊಗಸು. ಹದಿನೈದು ವರ್ಷ ಪಳಗಿದವರು 6 ಗಂಟೆಯಲ್ಲಿ ಮುಗಿಸುವುದನ್ನು ಹೊಸಬರು 24 ಗಂಟೆ ತಿಣುಕುತ್ತಾರೆ. ದರ ಒಂದೇ ಆದರೆ ತಿಣುಕಿದವರಿಗೆ ನಾಲ್ಕು ಪಟ್ಟು. ಆದ್ದರಿಂದ ಗಂಟೆಯ ದರ ಒಳಗಿನ ಲೆಕ್ಕದಲ್ಲೇ ಇರಲಿ. ಹುಡುಕಾಟ, ಕರಡು, ಮೀಟಿಂಗು, ಫೈನಲ್ ಆರ್ಟ್‌ವರ್ಕ್ ಎಲ್ಲದರ ಗಂಟೆ ಅಂದಾಜಿಸಿ, ಆಕಸ್ಮಿಕಗಳಿಗೆ ನೂರಕ್ಕೆ 20 ಸೇರಿಸಿ, ಇಡೀ ಕೆಲಸಕ್ಕೊಂದು ಮೊತ್ತ ಹೇಳಬೇಕು. ಅದೂ ನಷ್ಟವಾಗದಂತೆ ಇಳಿಯಬಹುದಾದ ಕಟ್ಟಕಡೆಯ ಮೆಟ್ಟಿಲು ಮಾತ್ರ. ಮೇಲೆ ಎಷ್ಟು ಹತ್ತಬಹುದೆಂಬುದು ಬಳಕೆಯನ್ನು ನೋಡಿ: ಒಂದೇ ಚಿತ್ರ ಒಂದು ಬಾಗಿಲಿಗೆ ಒಂದು ವರ್ಷ ಅಂಟಿಕೊಂಡಿರುವುದಕ್ಕೂ, ಹತ್ತು ದೇಶಗಳ ಪೊಟ್ಟಣಗಳ ಮೇಲೆ ಕಾಯಂ ಕೂರುವುದಕ್ಕೂ ಬೆಲೆ ಒಂದಾಗದು. ಆದರೆ 'ಇದನ್ನು ಎಲ್ಲೆಲ್ಲಿ ಬಳಸುತ್ತೀರಿ, ಎಷ್ಟು ಕಾಲ?' ಎಂದು ಕೇಳಿ ನೋಡಿ. ಹತ್ತು ನಿಮಿಷ ಮುಂಚೆ ಜಗತ್ತಿನಾದ್ಯಂತ ಹಬ್ಬುವ ಯೋಜನೆ ವಿವರಿಸುತ್ತಿದ್ದ ಕಂಪನಿ ಕಣ್ಣೆದುರೇ ಕುಗ್ಗಿ ಸಣ್ಣದೊಂದು ಅಂಗಡಿಯಾಗಿಬಿಡುತ್ತದೆ.

ಅಂತೂ ದರ ಕುದುರಿತು ಎನ್ನುವಾಗ ಕೊಸರಿನ ಅಧ್ಯಾಯ ಶುರು. 'ಹೇಗೂ ಲೋಗೋ ಮಾಡ್ತಿದ್ದೀರಲ್ಲ, ಅದನ್ನೇ ಕಾರ್ಡಿಗೂ ಹಾಕಿಬಿಡಿ.' ಕಾರ್ಡಿನ ಬೆನ್ನಿಗೆ ಲೆಟರ್‌ಹೆಡ್, ಅದರ ಬೆನ್ನಿಗೆ ಬ್ಯಾನರು, ಬ್ಯಾನರನ್ನೇ 'ಸ್ವಲ್ಪ ಚೌಕ ಮಾಡಿದರೆ' ಇನ್‌ಸ್ಟಾಗ್ರಾಂ ಪೋಸ್ಟು. 6 ಅಡಿ ಅಗಲ, 2 ಅಡಿ ಎತ್ತರದ ಬ್ಯಾನರನ್ನು 1,080 ಪಿಕ್ಸೆಲ್ಲಿನ ಚೌಕಕ್ಕೆ ಇಳಿಸುವುದೆಂದರೆ ಎರಡು ಬದಿ ಕತ್ತರಿಸುವುದು ಎಂದೇ ಅವರ ಎಣಿಕೆ. ಫೋಟೋದಲ್ಲಿರುವ ಐವರು ನಿರ್ದೇಶಕರಲ್ಲಿ ಯಾವ ಮೂವರನ್ನು ಕತ್ತರಿಸಲಿ ಎಂದು ಕೇಳಿದಾಗ, ಇದು ಹೊಸ ಡಿಸೈನೆಂಬ ಜ್ಞಾನೋದಯವಾಗುತ್ತದೆ. ಕೊಟೇಶನ್ನಿನಲ್ಲಿ ಏನು ಸೇರಿದೆ ಎಂಬುದಕ್ಕಿಂತ ಏನು ಸೇರಿಲ್ಲ ಎಂಬ ಪಟ್ಟಿ ಉದ್ದವಿರಬೇಕಾದ್ದು ಇದಕ್ಕೇ.

ಸಾಮಗ್ರಿ ಪೂರೈಕೆಯ ಚೆಂದವೇ ಬೇರೆ. ಬ್ರೋಷರಿಗೆ ಹಾಕಲು ಹಳೆಯ ಲೋಗೋ ಕಳಿಸಿ ಎಂದರೆ, ವಾಟ್ಸಾಪಿನಲ್ಲಿ ನಾಲ್ಕು ಕೈ ದಾಟಿ, ಕೊನೆಗೆ ವರ್ಡ್ ಫೈಲೊಳಗೆ ಆಶ್ರಯ ಪಡೆದ 400 ಪಿಕ್ಸೆಲ್ ಅಗಲದ ಜೆಪೆಗ್ ಬರುತ್ತದೆ. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, ಅಚ್ಚು ಮಾಡಿದರೆ ಅದರ ಅಗಲ ಸುಮಾರು 3.4 ಸೆಂಟಿಮೀಟರ್. ಹಾಕಬೇಕಾದ್ದು ಎ4 ಮುಖಪುಟದ ತುಂಬ, ಅಂದರೆ ಸುತ್ತ 3 ಮಿಲಿಮೀಟರ್ ಬ್ಲೀಡ್ (ಅಚ್ಚಾದ ಮೇಲೆ ಕತ್ತರಿಸಿ ಹೋಗುವ ಅಂಚು) ಸೇರಿ 216×303 ಮಿಲಿಮೀಟರ್ ಜಾಗದಲ್ಲಿ. ಹಿಗ್ಗಿಸಿದರೆ ಅಂಚೆಲ್ಲ ಹಲ್ಲು ಹಲ್ಲು. ಸುತ್ತಲಿನ ಬಿಳಿ ಚೌಕ ಬಣ್ಣದ ಹಿನ್ನೆಲೆಯ ಮೇಲೆ ಎದ್ದು ಕೂರುತ್ತದೆ. ಪೆನ್ ಟೂಲ್ ಹಿಡಿದು ಒಂದೊಂದೇ ವಕ್ರರೇಖೆಯನ್ನು, ಎಷ್ಟು ಹಿಗ್ಗಿಸಿದರೂ ಒಡೆಯದ ವೆಕ್ಟರ್ ರೂಪದಲ್ಲಿ ಮತ್ತೆ ಎಳೆಯಬೇಕು, ಫಾಂಟು ಯಾವುದೆಂದು ಪತ್ತೆ ಹಚ್ಚಬೇಕು, ಸಿಗದಿದ್ದರೆ ಅಕ್ಷರವನ್ನೂ ಕೈಯಾರೆ ಬರೆಯಬೇಕು. ಈ ಎರಡು ಮೂರು ಗಂಟೆ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಕಾಣಬೇಕಾದ ಸಾಲು ಇಷ್ಟೇ: 'ಲೋಗೋವನ್ನು ಇಪಿಎಸ್, ಎಸ್‌ವಿಜಿ ಅಥವಾ ವೆಕ್ಟರ್ ಪಿಡಿಎಫ್ ರೂಪದಲ್ಲಿ ಕ್ಲೈಂಟ್ ಒದಗಿಸಬೇಕು, ಇಲ್ಲವಾದರೆ ಮರುರಚನೆಗೆ ಇಷ್ಟು.' ಈ ಸಾಲು ಬಿದ್ದ ದಿನವೇ ಯಾವುದೋ ಹಳೆಯ ಕಂಪ್ಯೂಟರಿನಲ್ಲಿ ಮೂಲ ಫೈಲು ಪವಾಡದಂತೆ ಪ್ರತ್ಯಕ್ಷವಾಗುತ್ತದೆ.

ಈಚಿನ ವರಸೆ ಇನ್ನೊಂದು. 'ಎಐನಲ್ಲಿ ನಾನೇ ಮಾಡಿಸಿದ್ದೀನಿ, ಮುಗಿದೇ ಹೋಗಿದೆ. ನೀವೊಂದು ಫೈನಲ್ ಟಚ್ ಕೊಟ್ಟರೆ ಸಾಕು.' ಮುಗಿದೇ ಹೋಗಿರುವ ಚಿತ್ರದಲ್ಲಿ ಕಂಪನಿಯ ಹೆಸರಿನ ನಾಲ್ಕನೇ ಅಕ್ಷರ ಯಾವ ಲಿಪಿಗೂ ಸೇರಿದ್ದಲ್ಲ. ಹದ್ದಿನ ಎಡರೆಕ್ಕೆಗೆ ಏಳು ಗರಿ, ಬಲರೆಕ್ಕೆಗೆ ಒಂಬತ್ತು. ಮೈತುಂಬ ಚಿನ್ನದ ಹೊಳಪು, ನೆರಳು, ಕಿಡಿ. ಫೈನಲ್ ಟಚ್ ಎಂದರೆ ಇಷ್ಟು: ಅಕ್ಷರ ಹೊಸದಾಗಿ ಕೂರಿಸುವುದು, ಹದ್ದನ್ನು ವೆಕ್ಟರಿನಲ್ಲಿ ಮೊದಲಿಂದ ಬರೆಯುವುದು, ಬಣ್ಣವನ್ನು ಎರಡಕ್ಕೆ ಇಳಿಸುವುದು, ಒಂದೇ ಬಣ್ಣದ ರಬ್ಬರ್ ಸ್ಟ್ಯಾಂಪಿನಲ್ಲೂ ಬ್ರೌಸರ್ ಟ್ಯಾಬಿನಲ್ಲಿ ಕಾಣುವ 16 ಪಿಕ್ಸೆಲ್ಲಿನ ಪುಟ್ಟ ಗುರುತಾದ ಫೇವಿಕಾನಿನಲ್ಲೂ ಗುರುತು ಸಿಗುವಂತೆ ಸರಳ ಮಾಡುವುದು. ಮೂಲದಲ್ಲಿದ್ದದ್ದರಲ್ಲಿ ಉಳಿಯುವುದು ಕ್ಲೈಂಟಿನ ಆತ್ಮವಿಶ್ವಾಸ ಒಂದೇ. ಆ ಚಿತ್ರವನ್ನು ಬ್ರೀಫ್ (ಏನು ಬೇಕೆಂದು ಕ್ಲೈಂಟ್ ಕೊಡುವ ವಿವರ) ಎಂದು ತಿಳಿದು ಪೂರ್ತಿ ದರ ಹಾಕಬೇಕು. ಟಚ್ಚಿನ ದರ ಹಾಕಿದವರು ಹದ್ದಿನ ಗರಿ ಎಣಿಸುತ್ತ ಕೂತಿರುತ್ತಾರೆ.

ಲೋಗೋ ಸ್ಪರ್ಧೆಗಳ ಬಗ್ಗೆ ಹೆಚ್ಚು ಹೇಳುವುದೇನಿದೆ? ನೂರು ಜನ ಕೆಲಸ ಮಾಡುತ್ತಾರೆ, ಒಬ್ಬರಿಗೆ ದುಡ್ಡು, ಮಿಕ್ಕ ತೊಂಬತ್ತೊಂಬತ್ತು ಮಂದಿಗೆ ಅನುಭವ.

ತಿದ್ದುಪಡಿಯ ವಿಷಯ ಮಾತ್ರ ವಿಸ್ತಾರವಾಗಿ ನೋಡತಕ್ಕದ್ದು. 'ಎರಡು ಸುತ್ತು ಸೇರಿದೆ' ಎಂದು ಬರೆದರೆ ಸಾಲದು, ಸುತ್ತು ಎಂದರೇನೆಂದೂ ಬರೆಯಬೇಕು. ಇಲ್ಲದಿದ್ದರೆ ಬೆಳಿಗ್ಗೆ ಮಾರ್ಕೆಟಿಂಗ್‌ನವರು ಅಕ್ಷರ ದಪ್ಪ ಮಾಡಿಸುತ್ತಾರೆ, ಮಧ್ಯಾಹ್ನ ಪಾರ್ಟ್‌ನರ್ ಅದನ್ನೇ ತೆಳ್ಳಗೆ ಮಾಡಿಸುತ್ತಾರೆ. ಸಂಜೆ ಬರುವ ವಾಯ್ಸ್ ಮೆಸೇಜು ಎರಡನೇ ಕರಡಿನ ಬಗ್ಗೆ. ಈಗ ನಡೆಯುತ್ತಿರುವುದು ಐದನೆಯದು. ವಾರ ಕಳೆದ ಮೇಲೆ, ಅಲ್ಲಿಯತನಕ ಯಾರೂ ಹೆಸರೇ ಎತ್ತದಿದ್ದ ಚೇರ್ಮನ್ನರು ನೋಡಿ 'ಏನೋ ಮಿಸ್ಸಿಂಗು' ಎಂದು ಅಪ್ಪಣೆ ಕೊಡಿಸುತ್ತಾರೆ. ಆ ಏನೋ ಎಂಬುದನ್ನು ಹುಡುಕುವ ಖರ್ಚು ಡಿಸೈನರದು. ಕ್ಲೈಂಟಿನ ಲೆಕ್ಕದಲ್ಲಿ ಇನ್ನೂ ಮೊದಲ ಸುತ್ತೇ ನಡೆಯುತ್ತಿದೆ. ಹಾಗಾಗಿ ಷರತ್ತು ಹೀಗಿರಬೇಕು: ಒಪ್ಪಿಗೆ ಕೊಡುವ ಅಧಿಕಾರ ಒಬ್ಬರಿಗೇ, ಅವರ ಹೆಸರು ಒಪ್ಪಂದದಲ್ಲಿ, ಎಲ್ಲರ ಅಭಿಪ್ರಾಯ ಸೇರಿಸಿ ಅವರು ಬರಹದಲ್ಲಿ ಒಂದೇ ಸಲ ಕಳಿಸುವ ಪಟ್ಟಿಯೇ ಒಂದು ಸುತ್ತು, ಮೂರನೆಯದರಿಂದ ಗಂಟೆಯ ದರ, ಬ್ರೀಫೇ ಬದಲಾದರೆ ಹೊಸ ಕೊಟೇಶನ್. ಈ ಸಾಲುಗಳು ಇರುವ ಕಡೆ ಚೇರ್ಮನ್ನರ ಕಲಾಭಿರುಚಿ ತಾನಾಗಿಯೇ ತಗ್ಗುತ್ತದೆ. ಅರ್ಜೆಂಟಿಗೂ ಇದೇ ಮದ್ದು. 'ನಾಳೆ ಬೆಳಿಗ್ಗೆಗೆ ಬೇಕೇ ಬೇಕು' ಎಂದವರಿಗೆ 'ನೂರಕ್ಕೆ 50 ಹೆಚ್ಚು' ಎಂದರೆ, ನಾಳೆ ಬೆಳಿಗ್ಗೆ ಎಂಬುದು ಮುಂದಿನ ವಾರಕ್ಕೆ ಜರುಗುತ್ತದೆ.

ಅಡ್ವಾನ್ಸ್ ಕೇಳಿದರೆ ಮುಖ ಸಣ್ಣದಾಗುತ್ತದೆ. 'ನಾವೇನು ಓಡಿ ಹೋಗ್ತೀವಾ?' ಓಡುವುದಿಲ್ಲ, ನಿಜ. ಫೋನ್ ಎತ್ತುವುದಿಲ್ಲ, ಅಷ್ಟೇ. ಸಣ್ಣ ಕೆಲಸಕ್ಕೆ ನೂರಕ್ಕೆ 50 ಮುಂಗಡ, ದೊಡ್ಡದಕ್ಕೆ 40, 30, 30 ಎಂದು ಮೂರು ಕಂತು ರೂಢಿಯಲ್ಲಿದೆ. ಎಡವುವುದು ಕೊನೆಯ 30ರಲ್ಲಿ. 'ಲಾಂಚ್ ಆದ ಮೇಲೆ' ಎಂಬ ಮಾತಿಗೆ ಒಪ್ಪಿದರೋ, ಆ ಲಾಂಚಿಗೆ ಕಾಲ ಕೂಡಿಬರುವುದೇ ಇಲ್ಲ. ವೆಬ್‌ಸೈಟಿನವರು ತಡ ಮಾಡಿದರು, ಹೂಡಿಕೆದಾರರು ಹಿಂದೆ ಸರಿದರು. ಲೋಗೋ ಮಾತ್ರ ಆಗಲೇ ಬಾಗಿಲ ಮೇಲೆ ವಿರಾಜಮಾನ. ಬರೆಯಬೇಕಾದ್ದು 'ಫೈನಲ್ ಫೈಲು ಒಪ್ಪಿಸುವ ಮುನ್ನ'. ಅಲ್ಲಿಯವರೆಗೆ ಹೋಗುವುದು ವಾಟರ್‌ಮಾರ್ಕ್ ಇರುವ, ಕಡಿಮೆ ರೆಸಲ್ಯೂಷನ್ನಿನ ಪಿಡಿಎಫ್. ನಡುವೆ ಕೈಬಿಟ್ಟರೆ ಅಲ್ಲಿಯತನಕದ ಹಣ, ಮೇಲೆ ನೂರಕ್ಕೆ 25. ಸೋರ್ಸ್ ಫೈಲಿಗೆ, ಅಂದರೆ ತಿದ್ದಲು ಬರುವ ಮೂಲ ಫೈಲಿಗೆ, ಬೇರೆ ದರ. ಫಾಂಟುಗಳನ್ನೂ ಜೊತೆಗೆ ಕಳಿಸಿಬಿಡಿ ಎನ್ನುತ್ತಾರೆ. ಆ ಪರವಾನಗಿ ಡಿಸೈನರ ಹೆಸರಿನಲ್ಲಿದೆ, ಸಾಮಾನ್ಯವಾಗಿ ಕಂಪ್ಯೂಟರಿಗೊಂದು, ವೆಬ್‌ಸೈಟಿಗೊಂದು, ಆ್ಯಪ್‌ಗೊಂದು ಎಂದು ಬೇರೆ ಬೇರೆಯಾಗಿ ಕೊಳ್ಳಬೇಕು, ಕೊಳ್ಳಬೇಕಾದವರು ಕ್ಲೈಂಟ್.

ಇಷ್ಟಾದ ಮೇಲೂ 'ಈ ಸಲ ಸ್ವಲ್ಪ ಕಡಿಮೆ ಮಾಡಿ, ಮುಂದೆ ತುಂಬಾ ಕೆಲಸ ಕೊಡ್ತೀವಿ' ಎಂಬ ಮಾತು ಬಂದೇ ಬರುತ್ತದೆ. ಈ ಮಾತನ್ನು ಕ್ಲೈಂಟ್ ಪ್ರಾಮಾಣಿಕವಾಗಿ ಉಳಿಸಿಕೊಳ್ಳುತ್ತಾರೆ: ನಾಲ್ಕು ಸ್ನೇಹಿತರಿಗೆ ಡಿಸೈನರ ನಂಬರು ಕೊಟ್ಟು, ಅದರ ಜೊತೆ ಕಡಿಮೆ ಮಾಡಿದ ದರವನ್ನೂ ಹೇಳುತ್ತಾರೆ. ಬಿಟ್ಟುಕೊಟ್ಟ ದರವೇ ಅಂದಿನಿಂದ ಡಿಸೈನರ ಅಧಿಕೃತ ದರ. ಬಲ್ಲವರು ಕಂಡುಕೊಂಡ ಉಪಾಯವೆಂದರೆ, ಬೆಲೆ ಇಳಿಸುವ ಬದಲು ಕೆಲಸ ಇಳಿಸುವುದು; ಮೂರು ನಮೂನೆಯ ಜಾಗದಲ್ಲಿ ಒಂದು, ಕಾರ್ಡು ಬೇಡ, ಬ್ಯಾನರ್ ಬೇಡ. ಅದಕ್ಕೂ ಜಗ್ಗದಿದ್ದರೆ ಇನ್‌ವಾಯ್ಸಿನ ಮೊದಲ ಸಾಲಿನಲ್ಲಿ ಪೂರ್ತಿ ದರ ಬರೆದು, ಎರಡನೇ ಸಾಲಿನಲ್ಲಿ 'ಈ ಕೆಲಸಕ್ಕೆ ಮಾತ್ರ ವಿಶೇಷ ರಿಯಾಯಿತಿ' ಎಂದು ಕಳೆದು ತೋರಿಸುವುದು, ಸ್ನೇಹಿತರ ಕಿವಿಗೆ ಮೊದಲ ಸಾಲು ಬೀಳಲಿ ಎಂದು. ಸ್ನೇಹಿತರು ಬುದ್ಧಿವಂತರು. ಇನ್‌ವಾಯ್ಸಿನ ಫೋಟೋವನ್ನೇ ತರಿಸಿಕೊಂಡು ಫೋನ್ ಮಾಡುತ್ತಾರೆ: 'ಸಾರ್, ನಮಗೆ ಮೊದಲನೇ ಸಾಲು ಬೇಡ, ಎರಡನೇ ಸಾಲಿಗೆ ಎಷ್ಟು ಹೇಳಿ.'